ಆಶಾ ಅಕ್ಕ ಬಂದರೆ ನಾವೇಕೆ ಎದ್ದು ಹೋಗುತ್ತೇವೆ?

ನಮ್ಮೂರಿನ ಆಶಾ ಕಾರ್ಯಕರ್ತೆಯ ಹೆಸರು ‘ಆಶಾ’ ಅಲ್ಲ ಎಂದು ನನಗೆ ಗೊತ್ತಾಗಿದ್ದು ಈಚೆಗೆ. ತಮಾಷೆಗೆ ಹೇಳುತ್ತಿಲ್ಲ. ಎರಡು ವರ್ಷದಿಂದ ಪಿಡಿಒ, ಎಫ್‌ಡಿಎ ಎಂದು ಪರೀಕ್ಷೆಗಳಿಗೆ ಓದುತ್ತಿರುವವನು ನಾನು. ಆಶಾ ಎಂದರೆ ‘ಅಕ್ರೆಡಿಟೆಡ್ ಸೋಷಿಯಲ್ ಹೆಲ್ತ್ ಆಕ್ಟಿವಿಸ್ಟ್’, 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಡಿ ಬಂದದ್ದು, ಸುಮಾರು ಸಾವಿರ ಜನಸಂಖ್ಯೆಗೆ ಒಬ್ಬರು. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಇಷ್ಟನ್ನೂ ಒಂದೇ ಉಸಿರಿಗೆ ಹೇಳುತ್ತೇನೆ. ಆದರೆ ಎರಡು ಬೀದಿ ಆಚೆ ಇರುವ, ಗುಲಾಬಿ ಸೀರೆ ಉಟ್ಟು ಕೈಯಲ್ಲಿ ರಿಜಿಸ್ಟರ್ ಹಿಡಿದು ದಿನಾ ನಮ್ಮ ಮನೆ ಮುಂದೆಯೇ ಓಡಾಡುವ ಹೆಂಗಸಿನ ಹೆಸರು ಗೊತ್ತಿರಲಿಲ್ಲ. ಊರೆಲ್ಲ ‘ಆಶಾ ಅಕ್ಕ’ ಅನ್ನುತ್ತಿದ್ದರು, ನಾನೂ ಅದೇ ಹೆಸರು ಅಂದುಕೊಂಡಿದ್ದೆ.

ಇದನ್ನು ಬರೆಯುವುದಕ್ಕೆ ಕಾರಣ ನಮ್ಮ ಅಕ್ಕ. ಆಕೆಗೆ ಅದು ಚೊಚ್ಚಲು. ನಮ್ಮದು ತಿಪಟೂರು ಕಡೆಯ ಹಳ್ಳಿ. ನಮ್ಮಲ್ಲಿ ಮೊದಲ ಹೆರಿಗೆ ತವರಿನಲ್ಲೇ ಆಗಬೇಕು. ಏಳನೇ ತಿಂಗಳಲ್ಲಿ ಸೀಮಂತ ಮುಗಿಸಿ, ಎರಡು ಕೈಗೂ ಹಸಿರು ಬಳೆ ತೊಡಿಸಿ ಕರೆದುಕೊಂಡು ಬಂದೆವು. ಭಾವ ಬೆಂಗಳೂರಿನ ಪೀಣ್ಯದಲ್ಲಿ ಕಾರ್ಖಾನೆ ಕೆಲಸ, ಭಾನುವಾರ ಬಂದು ಹೋಗುತ್ತಿದ್ದರು. ಅಪ್ಪ ಬೆಳಿಗ್ಗೆ ತೋಟಕ್ಕೆ ಹೋದರೆ ಬರುವುದು ಹೊತ್ತು ಮುಳುಗಿದ ಮೇಲೆ. ಹಾಗಾದರೆ ಇಡೀ ದಿನ ಮನೆಯಲ್ಲಿರುವ ಗಂಡಸು ಯಾರು? ಡಿಗ್ರಿ ಮುಗಿಸಿ, ಕೆಲಸ ಸಿಗದೆ, ಪುಸ್ತಕ ಹಿಡಿದು ಕೂತ ತಮ್ಮ. ಅಂದರೆ ನಾನು. ಈ ಪುಟ ಓದುವವರಲ್ಲಿ ಎಷ್ಟೋ ಮಂದಿ ಇದೇ ಜಾಗದಲ್ಲಿ ಇದ್ದೀರಿ, ಇಲ್ಲವೇ ಒಂದೆರಡು ವರ್ಷದಲ್ಲಿ ಇರುತ್ತೀರಿ.

ಅಕ್ಕ ಬಂದ ವಾರದಲ್ಲೇ ಆಶಾ ಅಕ್ಕ ಮನೆಗೆ ಬಂದರು. ಗಂಡನ ಊರಿನಲ್ಲಿ ಮಾಡಿಸಿದ್ದ ತಾಯಿ ಕಾರ್ಡ್ ಕೇಳಿ ಇಸ್ಕೊಂಡು, ಅದರಲ್ಲಿದ್ದುದನ್ನು ತಮ್ಮ ಪುಸ್ತಕಕ್ಕೆ ಇಳಿಸಿಕೊಳ್ಳತೊಡಗಿದರು. ಅಮ್ಮ ನನ್ನ ಕಡೆ ಒಂದು ನೋಟ ಬಿಟ್ಟರು. ‘ಹೆಂಗಸರ ವಿಷಯ, ನೀನು ಆಚೆ ನಡಿ’ ಎಂಬ ನೋಟ. ಅಮ್ಮ ಹೇಳದಿದ್ದರೂ ನಾನು ಏಳುತ್ತಿದ್ದೆ. ಪುಸ್ತಕ ಎತ್ತಿಕೊಂಡು ಜಗಲಿಗೆ ಹೋಗಿ ಇಯರ್‌ಫೋನ್ ಹಾಕಿಕೊಂಡೆ. ಒಳಗೆ ಅವರು ಅರ್ಧ ಗಂಟೆ ಮಾತನಾಡಿದರು. ಏನು ಮಾತನಾಡಿದರು ಎಂದು ಆಮೇಲೂ ನಾನು ಕೇಳಲಿಲ್ಲ.

ಆ ಅರ್ಧ ಗಂಟೆಯಲ್ಲಿ ಅವರು ಹೇಳಿದ್ದು ಏನೆಂದು ಈಗ ಗೊತ್ತು. ತಡೆಯಲಾರದ ತಲೆನೋವು, ಕಣ್ಣು ಮಂಜಾಗುವುದು, ಮುಖ ಮತ್ತು ಕೈ ಊದುವುದು, ರಕ್ತ ಹೋಗುವುದು, ನೀರು ಹೋಗುವುದು, ಜ್ವರ, ಹೊಟ್ಟೆಯಲ್ಲಿ ಮಗುವಿನ ಅಲುಗಾಟ ಕಡಿಮೆಯಾಗುವುದು. ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ, 108ಕ್ಕೆ ಫೋನ್ ಮಾಡಿ, ನನಗೂ ಮಾಡಿ ಎಂದಿದ್ದರು. ತಾಯಿ ಕಾರ್ಡ್‌ನಲ್ಲೂ ಇದೆ, ಚಿತ್ರ ಸಮೇತ. ಅಕ್ಕ ಕೇಳಿಸಿಕೊಂಡಿದ್ದಳು, ಅಮ್ಮನೂ ಕೇಳಿಸಿಕೊಂಡಿದ್ದರು. ಮೂರು ವಾರ ಕಳೆಯಿತು. ಅಕ್ಕನ ಮುಖ ತುಂಬಿಕೊಂಡಿತು. ಪಕ್ಕದ ಮನೆಯವರು ನೋಡಿ ‘ಬಸುರಿ ಕಳೆ ಬಂದಿದೆ’ ಎಂದರು. ನಮಗೂ ಹಾಗೇ ಕಂಡಿತು. ಕಾಲು ಊದಿದ್ದಕ್ಕೆ ಅಮ್ಮ, ‘ಎಂಟನೇ ತಿಂಗಳಲ್ಲಿ ಯಾರಿಗೆ ಊದಲ್ಲ?’ ಎಂದರು. ಅದೂ ಸುಳ್ಳಲ್ಲ. ಎಷ್ಟೋ ಜನರಿಗೆ ಕಾಲು ಊದುತ್ತದೆ, ಏನೂ ಆಗುವುದಿಲ್ಲ. ಅದಕ್ಕೇ ಇದನ್ನು ಗುರುತಿಸುವುದು ಕಷ್ಟ.

ಒಂದು ರಾತ್ರಿ ಹನ್ನೊಂದೂವರೆಗೆ ಅಕ್ಕ ನನ್ನ ಕೋಣೆಗೆ ಬಂದಳು. ಮನೆಯಲ್ಲಿ ಎಚ್ಚರವಿದ್ದವನು ನಾನೊಬ್ಬನೇ. ‘ತಲೆ ಸಿಡೀತಾ ಇದೆ ಕಣೋ, ಅಮೃತಾಂಜನ ಇದ್ಯಾ?’ ಎಂದಳು. ಕೊಟ್ಟೆ. ಎದೆಗೂಡಿನ ಕೆಳಗೂ ಏನೋ ಹಿಡಿದ ಹಾಗೆ ನೋವು ಎಂದಳು. ಗ್ಯಾಸ್ಟ್ರಿಕ್ ಇರಬೇಕು, ಜೀರಿಗೆ ನೀರು ಕುಡಿ ಎಂದೆ. ‘ಮೊಬೈಲ್ ಕಡಿಮೆ ನೋಡು’ ಎಂದು ಬುದ್ಧಿಯನ್ನೂ ಹೇಳಿದೆ. ಆಗ ನಾನು ಓದುತ್ತಿದ್ದದ್ದು ಪಂಚಾಯತ್ ರಾಜ್ ಕಾಯ್ದೆ. (ಕತೆಯಾಗಿದ್ದರೆ ತಾಯಿ ಮಕ್ಕಳ ಆರೋಗ್ಯ ಯೋಜನೆಗಳೇ ಆಗಿರುತ್ತಿದ್ದವು.) ಅಕ್ಕ ಹೋಗಿ ಮಲಗಿದಳು. ಆಮೇಲೆ ಹೇಳಿದಳು: ಆಶಾ ಅಕ್ಕ ತಲೆನೋವಿನ ಬಗ್ಗೆ ಏನೋ ಹೇಳಿದ್ದು ಅವಳಿಗೆ ನೆನಪಿತ್ತಂತೆ. ‘ಇಷ್ಟಕ್ಕೆಲ್ಲ ಎಲ್ಲರನ್ನೂ ಎಬ್ಬಿಸೋದಾ ಅನ್ನಿಸ್ತು’ ಎಂದಳು.

ಬೆಳಿಗ್ಗೆ ಆಶಾ ಅಕ್ಕ ಬಂದದ್ದು ಅಕ್ಕನಿಗಾಗಿ ಅಲ್ಲ. ಅದೇನೋ ಕುಷ್ಠರೋಗದ ಸರ್ವೆ, ಮನೆ ಮನೆ ಎಣಿಸುತ್ತಿದ್ದರು. ಬಾಗಿಲಲ್ಲೇ ನಿಂತು ಅಕ್ಕನ ಮುಖ ನೋಡಿದರು, ಆಮೇಲೆ ಕೈ ನೋಡಿದರು. ಸೀಮಂತದ ಹಸಿರು ಬಳೆ ಮಣಿಕಟ್ಟಿಗೆ ಕಚ್ಚಿಕೊಂಡು ಸುತ್ತಲೂ ಗೀರು ಬಿದ್ದಿತ್ತು. ದಿನಾ ಆ ಕೈಯಿಂದ ಊಟ ಬಡಿಸಿಕೊಂಡ ನನಗೆ ಅದು ಕಂಡಿರಲಿಲ್ಲ. ‘ತಲೆ ನೋಯುತ್ತಾ?’ ಎಂದು ಒಂದೇ ಪ್ರಶ್ನೆ ಕೇಳಿದರು. ಹತ್ತು ನಿಮಿಷದಲ್ಲಿ ಆಟೊ ಹಿಡಿದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೊರಟೆವು. ಬಿಪಿ 160/110 ಇತ್ತು, ಮೂತ್ರದಲ್ಲಿ ಪ್ರೊಟೀನ್ ಹೋಗುತ್ತಿತ್ತು. ಗರ್ಭಿಣಿಯಲ್ಲಿ 140/90 ದಾಟಿದರೇ ಎಚ್ಚರಿಕೆ ಎಂದು ಅಲ್ಲೇ ತಿಳಿದದ್ದು. ಇದನ್ನು ಹಾಗೇ ಬಿಟ್ಟರೆ ಫಿಟ್ಸ್ ಬರಬಹುದು, ತಾಯಿ ಮಗು ಇಬ್ಬರಿಗೂ ಅಪಾಯ ಎಂದು ಡಾಕ್ಟರು ನೇರವಾಗಿ ಹೇಳಿದರು. ಇಂಜೆಕ್ಷನ್ ಕೊಟ್ಟು 108ರಲ್ಲಿ ದೊಡ್ಡಾಸ್ಪತ್ರೆಗೆ ಕಳಿಸಿದರು. ಎರಡು ದಿನದ ನಂತರ ಸಿಸೇರಿಯನ್ ಆಯಿತು. ಹೆಣ್ಣು ಮಗು, ಒಂದು ಕೆಜಿ ಒಂಬೈನೂರು ಗ್ರಾಂ. ಒಂಬತ್ತು ದಿನ ನವಜಾತ ಶಿಶುಗಳ ಘಟಕದಲ್ಲಿತ್ತು. ಈಗ ಇಬ್ಬರೂ ಚೆನ್ನಾಗಿದ್ದಾರೆ.

ಆ ಒಂದು ರಾತ್ರಿಯನ್ನು ನಾನು ಮತ್ತೆ ಮತ್ತೆ ಎಣಿಸುತ್ತೇನೆ. ಹನ್ನೊಂದೂವರೆಯಿಂದ ಬೆಳಿಗ್ಗೆ ಎಂಟರವರೆಗೆ. ಮೂರು ವಾರದ ಹಿಂದೆ ಜಗಲಿಗೆ ಹೋಗದೆ ಒಳಗೇ ಕೂತಿದ್ದರೆ ಆ ಎಂಟೂವರೆ ಗಂಟೆ ನಮ್ಮ ಕೈಯಲ್ಲಿರುತ್ತಿತ್ತು.

ಈಗ ನನ್ನ ವಾದಕ್ಕೆ ಬರುತ್ತೇನೆ. ಗರ್ಭಿಣಿಯ ಆರೈಕೆಯಲ್ಲಿ ಉಳಿದುದೆಲ್ಲಕ್ಕೂ ನಾವು ಆಸ್ಪತ್ರೆಗೆ ಹೋಗಬೇಕು. ಕನಿಷ್ಠ ನಾಲ್ಕು ತಪಾಸಣೆ, ರಕ್ತಪರೀಕ್ಷೆ, ಸ್ಕ್ಯಾನಿಂಗ್, ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆ, ಎಲ್ಲವೂ. ಮನೆಗೇ ನಡೆದು ಬರುವುದು ಆಶಾ ಮತ್ತು ಎಎನ್‌ಎಂ ಭೇಟಿ ಮಾತ್ರ. ಅಪಾಯ ಕಾಣಿಸಿಕೊಳ್ಳುವುದು ಹೆಚ್ಚಾಗಿ ಮನೆಯಲ್ಲೇ, ಅದೂ ಹೊತ್ತಲ್ಲದ ಹೊತ್ತಿನಲ್ಲಿ. ಹಾಗಿರುವಾಗ ಆ ಭೇಟಿಯ ಮಾತು ಮನೆಯ ಅರ್ಧ ಜನರ ಕಿವಿಗೆ ಬೀಳಬಾರದು ಎಂದು ನಾವೇ ಕಟ್ಟಳೆ ಮಾಡಿಕೊಂಡಿದ್ದೇವೆ. ಬೈಕ್ ಓಡಿಸುವವನು, ಫೋನ್‌ನಲ್ಲಿ ಚಾರ್ಜ್ ಇಟ್ಟುಕೊಂಡವನು, ರಾತ್ರಿ ಒಂದು ಗಂಟೆಯವರೆಗೆ ಎಚ್ಚರವಿರುವವನು ಜಗಲಿಯಲ್ಲಿ ಕೂತಿರುತ್ತಾನೆ.

ನಮ್ಮ ಭಾಷೆಯಲ್ಲೂ ಇದು ಕಾಣುತ್ತದೆ. ಬಸುರಿ, ಬಾಣಂತಿ, ಬಯಕೆ, ಸೀಮಂತ, ಬಾಣಂತನ, ಹೆಂಗಸರಿಗೆ ಎಷ್ಟೊಂದು ಪದ! ಅಪ್ಪನಾಗಲಿರುವ ಗಂಡಸಿಗೆ ಒಂದಾದರೂ ಇದೆಯೇ? ‘ಬಸುರಿಯ ಗಂಡ’ ಅಷ್ಟೆ. ನಮ್ಮ ಭಾವ ದಿನಾ ಫೋನ್ ಮಾಡುತ್ತಿದ್ದರು, ಊಟ ಆಯ್ತಾ ಎಂದು ಕೇಳುತ್ತಿದ್ದರು. ಬಿಪಿ ಎಷ್ಟಿದೆ ಎಂದು ಕೇಳಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವರನ್ನು ಬೈದು ಪ್ರಯೋಜನವಿಲ್ಲ.

ಇಂಗ್ಲೆಂಡಿನಲ್ಲಿ ‘ಹೆಲ್ತ್ ವಿಸಿಟರ್’ ಎಂಬ ಹುದ್ದೆಯೇ ಇದೆ. ನರ್ಸ್ ಅಥವಾ ಮಿಡ್‌ವೈಫ್ ಆಗಿ ನೋಂದಣಿಯಾದವರು ಇನ್ನಷ್ಟು ತರಬೇತಿ ಪಡೆದು ಈ ಕೆಲಸಕ್ಕೆ ಬರುತ್ತಾರೆ. ಮಗುವಿಗೆ ಎರಡೂವರೆ ವರ್ಷವಾಗುವುದರೊಳಗೆ ಕಡ್ಡಾಯವಾಗಿ ಒದಗಿಸಬೇಕಾದ ಐದು ಭೇಟಿಗಳಲ್ಲಿ ಮೊದಲನೆಯದು ಹೆರಿಗೆಗೂ ಮುಂಚಿನದು, 28ನೇ ವಾರದ ನಂತರ. ಆ ಭೇಟಿ ತಾಯಿಗೆ ಮಾತ್ರವಲ್ಲ, ಅಪ್ಪ ಅಮ್ಮ ಆಗಲಿರುವ ಇಬ್ಬರಿಗೂ ಉದ್ದೇಶಿಸಿದ್ದು. ಅಲ್ಲಿನದನ್ನೆಲ್ಲ ಇಲ್ಲಿ ತರಬೇಕು ಎನ್ನುತ್ತಿಲ್ಲ. ನಮ್ಮ ಆಶಾ ಅಕ್ಕನಷ್ಟು ಮನೆ ಮನೆಯ ಒಳಗು ಗೊತ್ತಿರುವವರು ಅಲ್ಲಿ ಇರಲಾರರು. ಆದರೆ ಆ ‘ಇಬ್ಬರಿಗೂ’ ಎಂಬ ಒಂದು ಮಾತನ್ನು ಕಡ ತರಬಹುದು.

ಮನೆ ಭೇಟಿಯಿಂದ ಏನಾಗುತ್ತದೆ ಎಂದು ಮೂಗು ಮುರಿಯುವವರಿಗೆ ನಮ್ಮ ಪಕ್ಕದ ರಾಜ್ಯದ ಗಡಚಿರೋಲಿ ಇದೆ. ಅಲ್ಲಿ ಅಭಯ್ ಬಂಗ್ ಮತ್ತು ರಾಣಿ ಬಂಗ್ ದಂಪತಿ ಹಳ್ಳಿಯ ಹೆಂಗಸರಿಗೇ ತರಬೇತಿ ಕೊಟ್ಟು, ಮನೆ ಮನೆಗೆ ಕಳಿಸಿ ನವಜಾತ ಶಿಶುಗಳನ್ನು ನೋಡಿಕೊಳ್ಳುವಂತೆ ಮಾಡಿದರು. ಮೂರನೇ ವರ್ಷದ ಹೊತ್ತಿಗೆ ಶಿಶುಗಳ ಸಾವು ಹೋಲಿಕೆಯ ಹಳ್ಳಿಗಳಿಗಿಂತ ಶೇ 62ರಷ್ಟು ಕಡಿಮೆಯಾಯಿತು. 1999ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಅದನ್ನು ಪ್ರಕಟಿಸಿತು. ಇವತ್ತು ಹೆರಿಗೆಯಾದ ಮೇಲೆ ಆಶಾ ಕಾರ್ಯಕರ್ತೆಯರು ಮನೆಗೆ ಬರುತ್ತಾರಲ್ಲ, ಮೂರನೇ ದಿನ, ಏಳನೇ ದಿನ ಎಂದು 42 ದಿನದೊಳಗೆ ಆರು ಸಲ, ಅದರ ಬೇರು ಅಲ್ಲಿದೆ. ಆ ಆರೂ ಭೇಟಿಗೆ ಸೇರಿ ನಿಗದಿಯಾದ ಪ್ರೋತ್ಸಾಹಧನ 250 ರೂಪಾಯಿ. ಒಂದು ಭೇಟಿಗೆ ನಲವತ್ತೊಂದು ರೂಪಾಯಿ ಚಿಲ್ಲರೆ. ನನ್ನ ತಿಂಗಳ ಮೊಬೈಲ್ ರೀಚಾರ್ಜ್ ಇದಕ್ಕಿಂತ ಹೆಚ್ಚು.

ಕರ್ನಾಟಕದಲ್ಲಿ ಆಸ್ಪತ್ರೆಯಲ್ಲೇ ಆಗುವ ಹೆರಿಗೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಶೇ 97. ಒಳ್ಳೆಯ ಸಂಖ್ಯೆ. ಆದರೂ 2018–20ರ ಲೆಕ್ಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ನಮ್ಮ ತಾಯಂದಿರ ಸಾವು 69. ದಕ್ಷಿಣದ ಐದು ರಾಜ್ಯಗಳಲ್ಲಿ ಅತಿ ಹೆಚ್ಚು. ಕೇರಳದಲ್ಲಿ 19. ಹೆರಿಗೆ ಆಸ್ಪತ್ರೆಯಲ್ಲಿ ಆದರೆ ಸಾಲದು, ಆಸ್ಪತ್ರೆಗೆ ಯಾವಾಗ ತಲುಪಿದೆವು ಎಂಬುದೂ ಲೆಕ್ಕಕ್ಕೆ ಬರುತ್ತದೆ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಸತ್ತಾಗ ರಾಜ್ಯವೆಲ್ಲ ಮಾತನಾಡಿತು, ಮಾತನಾಡಲೇಬೇಕಿತ್ತು. ಆದರೆ ಮನೆಯಲ್ಲಿ ಕಳೆದುಹೋಗುವ ರಾತ್ರಿಗಳು ಸುದ್ದಿಯಾಗುವುದಿಲ್ಲ. ಅದಕ್ಕೆ ತನಿಖಾ ಸಮಿತಿಯೂ ಇಲ್ಲ.

ಮಾತ್ರೆಗಳ ಕತೆಯೂ ಇದೇ. ಗರ್ಭಿಣಿಗೆ ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ ಕನಿಷ್ಠ 180 ಕಬ್ಬಿಣಾಂಶದ ಮಾತ್ರೆ. ನಮ್ಮ ರಾಜ್ಯದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಗರ್ಭಿಣಿಯರಿಗೆ ರಕ್ತಹೀನತೆ ಇದೆ, ಅಂದರೆ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ. ಮಾತ್ರೆ ಪುಕ್ಕಟೆ ಸಿಗುತ್ತದೆ. ಆದರೆ ನುಂಗುವವರೆಷ್ಟು? ಅಕ್ಕ ಮಾತ್ರೆಯನ್ನು ಡಬ್ಬಿಯಲ್ಲಿ ಕೂಡಿಡುತ್ತಿದ್ದಳು. ಮಲ ಕಪ್ಪಗೆ ಹೋಗುತ್ತದೆ, ವಾಕರಿಕೆ ಬರುತ್ತದೆ ಎಂದು ಹೆದರಿಕೆ. ನುಂಗಿದ ದಿನವೂ ಹಿಂದೆಯೇ ಅಮ್ಮನ ಕಾಫಿ. ಕಾಫಿ, ಟೀ ಜೊತೆ ಕುಡಿದರೆ ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲ, ಕ್ಯಾಲ್ಸಿಯಂ ಮಾತ್ರೆಯನ್ನು ಅದರ ಜೊತೆಗೇ ನುಂಗಬಾರದು, ಮಲ ಕಪ್ಪಾದರೆ ಭಯಬೇಡ ಎಂದು ಆಶಾ ಅಕ್ಕ ಹೇಳಿ ಹೋಗಿದ್ದರು. ಆದರೆ ತಿಂಗಳಿಗೊಮ್ಮೆ ಬರುವವರು ದಿನಾ ಬಂದು ನುಂಗಿಸಲು ಆಗುತ್ತದೆಯೇ? ‘ಅಕ್ಕಾ, ಮಾತ್ರೆ ತಗೊಂಡ್ಯಾ? ಕಾಫಿ ಆಮೇಲೆ’ ಎನ್ನುವುದಕ್ಕೆ ಮನೆಯಲ್ಲೇ ಇರುವ ತಮ್ಮ ಸಾಕು. ಇದಕ್ಕೆ ಯಾವ ಪದವಿಯೂ ಬೇಡ.

ನನ್ನ ಗೆಳೆಯರಿಗೆ ಇದನ್ನು ಹೇಳಿದಾಗ ಒಬ್ಬ ಕೇಳಿದ: ‘ಅಕ್ಕನಿಗೆ ನಾಚಿಕೆ ಆಗಲ್ವೇನೋ? ನೀನು ಅಲ್ಲಿ ಕೂತ್ಕೊಂಡ್ರೆ ಅವಳು ಏನು ಹೇಳ್ತಾಳೆ?’ ಒಪ್ಪುವ ಮಾತು. ಹೆಣ್ಣು ಒಬ್ಬಳೇ ಇದ್ದಾಗ ಮಾತ್ರ ಹೇಳಬಲ್ಲ ಸಂಗತಿಗಳಿವೆ. ಗಂಡನ ಮನೆಯಲ್ಲಂತೂ ಇನ್ನೂ ಹೆಚ್ಚು. ಹೊಡೆತ ಬಡಿತ ಇದ್ದರೆ, ಊಟಕ್ಕೆ ತೊಂದರೆ ಇದ್ದರೆ, ಅತ್ತೆಯ ಮುಂದೆ, ಗಂಡನ ಮುಂದೆ ಬಾಯಿ ಬಿಡಲು ಆಗುವುದಿಲ್ಲ. ಆ ಏಕಾಂತವನ್ನು ನಾವು ಕಿತ್ತುಕೊಳ್ಳಬಾರದು. ಹಾಗಾಗಿ ಪೂರ್ತಿ ಹೊತ್ತು ಕೂರಬೇಕಿಲ್ಲ. ಅವರಿಬ್ಬರೂ ಮಾತನಾಡಿಕೊಳ್ಳಲಿ. ಕೊನೆಯ ಹತ್ತು ನಿಮಿಷ, ಅಕ್ಕ ಒಪ್ಪಿದರೆ, ಒಳಗೆ ಹೋಗಿ ‘ನಾನೇನು ನೋಡ್ಕೋಬೇಕು ಹೇಳಿ’ ಎಂದು ಕೇಳಿದರೆ ಸಾಕು. ತಾಯಿ ಕಾರ್ಡ್ ತೆರೆದು ಹೆರಿಗೆಯ ಅಂದಾಜು ದಿನಾಂಕ, ಕಳೆದ ಸಲದ ಬಿಪಿ, ಹಿಮೋಗ್ಲೋಬಿನ್ ಮೂರನ್ನೂ ನೋಡಿಕೊಳ್ಳಬೇಕು. ಆಶಾ ಕಾರ್ಯಕರ್ತೆಯ ನಂಬರನ್ನು ಅವರ ಹೆಸರಿನಲ್ಲೇ ಸೇವ್ ಮಾಡಿಕೊಳ್ಳಬೇಕು. ಕ್ರಿಕೆಟ್ ಅಂಕಿಅಂಶ ತಲೆಯಲ್ಲಿ ತುಂಬಿಕೊಂಡಿರುವ ನಮಗೆ ಇದೇನೂ ಭಾರವಲ್ಲ.

ಇನ್ನೊಬ್ಬ ಹೇಳಿದ: ‘ನಾವು ಪ್ರೈವೇಟ್‌ನಲ್ಲಿ ತೋರಿಸ್ತೀವಿ, ಸ್ಕ್ಯಾನಿಂಗ್ ಎಲ್ಲ ಚೆನ್ನಾಗಿದೆ, ಆಶಾ ಯಾಕೆ ಬೇಕು?’ ನಮ್ಮ ಅಕ್ಕನ ಸ್ಕ್ಯಾನಿಂಗೂ ಚೆನ್ನಾಗಿಯೇ ಇತ್ತು.

ಸರ್ಕಾರದ ಕಡೆಯಿಂದ ಆಗಬೇಕಾದ್ದೂ ಇದೆ. ಇಷ್ಟೆಲ್ಲ ನಾವು ಹತ್ತು ನಿಮಿಷ ಕೂತು ಕೇಳಬೇಕಾದರೆ ಹೇಳುವವರಿಗೂ ಆ ಹತ್ತು ನಿಮಿಷ ಇರಬೇಕಲ್ಲ? ಆಶಾ ಅಕ್ಕನಿಗೆ ಗರ್ಭಿಣಿಯರ ಜೊತೆಗೆ ಕ್ಷಯ, ಕುಷ್ಠ, ಬಿಪಿ–ಶುಗರ್ ಸರ್ವೆ, ಲಸಿಕೆ, ಲಾರ್ವಾ, ಎಲ್ಲವೂ. ಮೇಲೆ ಮೊಬೈಲ್‌ನಲ್ಲಿ ತುಂಬಬೇಕಾದ ಮಾಹಿತಿ. ಮಾಡಿದ ಕೆಲಸ ಪೋರ್ಟಲ್‌ನಲ್ಲಿ ಕಾಣದಿದ್ದರೆ ಹಣ ಬರುವುದಿಲ್ಲ ಎಂಬುದು ಅವರ ಹಳೆಯ ದೂರು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಪ್ರಶಸ್ತಿ ಕೊಟ್ಟಿತು. ನಾನು ಅದನ್ನು ಪ್ರಚಲಿತ ವಿದ್ಯಮಾನ ಎಂದು ಬರೆದುಕೊಂಡೆ. 2025ರ ಜನವರಿಯ ಚಳಿಯಲ್ಲಿ ಅದೇ ಕಾರ್ಯಕರ್ತೆಯರು ತಿಂಗಳಿಗೆ ನಿಶ್ಚಿತ ಗೌರವಧನ ಬೇಕೆಂದು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಹಗಲು ರಾತ್ರಿ ಕೂತಿದ್ದರು. ನಮ್ಮ ಆಶಾ ಅಕ್ಕನೂ ಹೋಗಿದ್ದರಂತೆ. ಅದನ್ನು ನಾನು ಬರೆದುಕೊಂಡಿರಲಿಲ್ಲ, ಪ್ರಶ್ನೆಪತ್ರಿಕೆಗೆ ಬರುವುದಿಲ್ಲ ಅನ್ನಿಸಿತ್ತು. ‘ಗೌರವಧನ’ ಎಂಬ ಪದವೇ ನನಗೆ ಈಗ ವಿಚಿತ್ರವಾಗಿ ಕೇಳುತ್ತದೆ. ಕೆಲಸ ಹುಡುಕುತ್ತಿರುವ ನಾವು ಯಾರಾದರೂ ಸಂಬಳದ ಬದಲು ಗೌರವ ಕೊಡುತ್ತೇವೆ ಎಂದರೆ ಅರ್ಜಿ ಹಾಕುತ್ತೇವೆಯೇ?

ಚೊಚ್ಚಲ ಬಸುರಿಯರು ಊರು ಬದಲಿಸುವ ವಿಷಯವನ್ನೂ ವ್ಯವಸ್ಥೆ ಗಂಭೀರವಾಗಿ ನೋಡಬೇಕು. ಆರು ತಿಂಗಳು ಒಬ್ಬ ಆಶಾ, ಕೊನೆಯ ಮೂರು ತಿಂಗಳು ಇನ್ನೊಬ್ಬರು. ಮೊದಲಿನವರಿಗೆ ಗೊತ್ತಿದ್ದದ್ದು ಎರಡನೆಯವರಿಗೆ ಗೊತ್ತಾಗುವುದು ತಾಯಿ ಕಾರ್ಡ್‌ನಿಂದ ಮಾತ್ರ. ಅದನ್ನು ಸೀಮಂತದ ಸೀರೆಗಳ ಕೆಳಗೆ ಟ್ರಂಕಿನಲ್ಲಿ ಮರೆತು ಬಂದವರೂ ಇದ್ದಾರೆ. ಮಗಳನ್ನು ಕರೆತರಲು ಹೋಗುವ ತಮ್ಮಂದಿರು ಮಡಿಲಕ್ಕಿಯ ಜೊತೆ ಆ ಕಾರ್ಡನ್ನೂ ಕೇಳಿ ತರಬೇಕು. ಎರಡೂ ಊರಿನ ಆಶಾಗಳನ್ನು ಫೋನ್‌ನಲ್ಲಿ ಒಮ್ಮೆ ಮಾತನಾಡಿಸಿದರೆ ಇನ್ನೂ ಒಳ್ಳೆಯದು.

ಹೆರಿಗೆಯ ನಂತರ ಆಶಾ ಅಕ್ಕ ಬಂದ ಪ್ರತಿ ಸಲವೂ ನಾನು ಒಳಗೇ ಕೂತೆ. ಮೊದಲ ದಿನ ಅಮ್ಮ ಅದೇ ನೋಟ ಬಿಟ್ಟರು, ನಾನು ಏಳಲಿಲ್ಲ. ಮಗುವನ್ನು ತೂಕ ಮಾಡುವಾಗ ಭಾವನಿಗೆ ವಿಡಿಯೊ ಕಾಲ್ ಹಚ್ಚಿದೆ. ಪೀಣ್ಯದ ಕಾರ್ಖಾನೆಯ ಗೇಟಿನ ಬಳಿ ನಿಂತು, ಹಿಂದೆ ಲಾರಿಗಳ ಸದ್ದಿನ ನಡುವೆ, ಅವರು ಮಗುವನ್ನು ಎದೆಗೆ ಅಪ್ಪಿಕೊಂಡು ಬೆಚ್ಚಗಿಡುವುದು ಹೇಗೆ ಎಂದು ಕೇಳಿಸಿಕೊಂಡರು. ಎರಡು ಸಲ ‘ಇನ್ನೊಮ್ಮೆ ಹೇಳಿ ಮೇಡಂ’ ಎಂದರು. ಮುಂದಿನ ಭಾನುವಾರ ಬಂದು ಅಂಗಿ ಬಿಚ್ಚಿ ಮಗುವನ್ನು ಎದೆ ಮೇಲೆ ಮಲಗಿಸಿಕೊಂಡಾಗ ಅಜ್ಜಿ ಬಾಯಿ ಮೇಲೆ ಕೈ ಇಟ್ಟುಕೊಂಡಿತು.

ಕೊನೆಯ ಭೇಟಿಯ ದಿನ ಮಗು ಮೂರು ಕೆಜಿ ಹತ್ತಿರ ಬಂದಿತ್ತು. ಆಶಾ ಅಕ್ಕ ರಿಜಿಸ್ಟರ್ ಮುಚ್ಚಿ, ಚಪ್ಪಲಿ ಹಾಕಿಕೊಳ್ಳುತ್ತಾ ನನ್ನ ಕಡೆ ತಿರುಗಿದರು.

‘ಕೆಳಗಿನ ಬೀದೀಲಿ ಒಂದು ಹುಡುಗಿ ತವರಿಗೆ ಬಂದವಳೆ, ಏಳು ತಿಂಗಳು. ಅವಳ ತಮ್ಮ ನಿನ್ ಜೊತೆ ಓದ್ತಾನಲ್ಲ, ಸೋಮವಾರ ಹೋಗ್ತೀನಿ. ಮನೇಲಿರೋಕೆ ಹೇಳಪ್ಪ ಅವನಿಗೆ.’